ನಾವಿಕರ ಊರಲ್ಲಿ ಮೂರು ರಾತ್ರಿ: ಪ್ರೋಚಿದಾ ದ್ವೀಪಕ್ಕೊಂದು ದಾರಿ

ಬೇಸಿಗೆಯ ಬೆಳಿಗ್ಗೆ ನೇಪಲ್ಸ್ ಬಂದರಿನಲ್ಲಿ ಕಾಪ್ರಿ ದ್ವೀಪಕ್ಕೆ ಹೋಗುವವರ ಸಾಲು ನೋಡಿದರೆ ಗಾಬರಿಯಾಗುತ್ತದೆ. ಒಂದೇ ಬಣ್ಣದ ಟೋಪಿ, ಗೈಡ್ ಎತ್ತಿ ಹಿಡಿದ ಬಾವುಟ, ತಳ್ಳಾಟ. ಅದೇ ಕಟ್ಟೆಯಿಂದ ಪ್ರೋಚಿದಾಕ್ಕೂ ದೋಣಿ ಹೊರಡುತ್ತದೆ. ಅಲ್ಲಿ ನಿಂತ ಎಷ್ಟೋ ಜನರ ಕೈಯಲ್ಲಿ ತರಕಾರಿ ಚೀಲ, ಪುಸ್ತಕದ ಬ್ಯಾಗು, ಔಷಧಿ ಅಂಗಡಿಯ ಪೊಟ್ಟಣ. ಅವರು ಮನೆಗೆ ಹೊರಟವರು. ನನಗೆ ಈ ದ್ವೀಪ ಇಷ್ಟವಾಗಿದ್ದೇ ಆ ಸಾಲಿನಲ್ಲಿ ನಿಂತಾಗ.

ಪ್ರೋಚಿದಾ ಇಟಲಿಯ ನೇಪಲ್ಸ್ ಕೊಲ್ಲಿಯಲ್ಲಿದೆ. ಸುಮಾರು 4 ಚದರ ಕಿಲೋಮೀಟರ್ ನೆಲ, ಹತ್ತು ಸಾವಿರದಷ್ಟು ಜನ. ಹೋಗಿಬರುವುದು ಕಷ್ಟವಿಲ್ಲ. ಆದರೆ ಕೆಲವು ವಿಷಯ ಮೊದಲೇ ಗೊತ್ತಿದ್ದರೆ ಪ್ರವಾಸ ತುಂಬಾ ಹಗುರವಾಗುತ್ತದೆ. ಅವನ್ನೇ ಇಲ್ಲಿ ಒಂದೊಂದಾಗಿ ಹೇಳುತ್ತೇನೆ.

ಮೊದಲು ದ್ವೀಪ ಆರಿಸಿಕೊಳ್ಳಿ

ಮೆಡಿಟರೇನಿಯನ್ ಸಮುದ್ರದಲ್ಲಿ ದ್ವೀಪಗಳಿಗೇನು ಬರ. ಆರಿಸುವಾಗ ನಾನು ಎರಡೇ ಪ್ರಶ್ನೆ ಕೇಳಿಕೊಳ್ಳುತ್ತೇನೆ. ಚಳಿಗಾಲದಲ್ಲೂ ಅಲ್ಲಿಗೆ ದಿನಾ ಹಡಗು ಹೋಗುತ್ತದೆಯೇ? ಪ್ರವಾಸಿಗಳು ಬರದಿದ್ದರೂ ಅಲ್ಲಿನವರಿಗೆ ಮಾಡಲು ಒಂದು ಕಸುಬು ಇದೆಯೇ? ಎರಡಕ್ಕೂ ಹೌದು ಅಂತಾದರೆ ಅದು ಜೀವ ಇರುವ ಊರು. ಅಲ್ಲಿ ನಾವು ಗಿರಾಕಿಗಳಲ್ಲ, ನೆಂಟರ ಹಾಗೆ ನಾಲ್ಕು ದಿನ ಇದ್ದು ಬರಬಹುದು.

ಈ ಪರೀಕ್ಷೆಯಲ್ಲಿ ಪಾಸಾಗುವ ಊರುಗಳು ಇನ್ನೂ ಇವೆ. ಸಾರ್ಡಿನಿಯಾದ ಪಕ್ಕದ ಸಾನ್ ಪಿಯೆತ್ರೊ ದ್ವೀಪದಲ್ಲಿ ಕಾರ್ಲೊಫೋರ್ತೆ ಎಂಬ ಊರಿದೆ. ಜಿನೋವಾ ಕಡೆಯ ಜನ ಟ್ಯುನೀಸಿಯಾ ತೀರದ ತಬಾರ್ಕಾಕ್ಕೆ ಹೋಗಿ ತಲೆಮಾರುಗಟ್ಟಲೆ ನೆಲೆಸಿದ್ದು, 1738ರಲ್ಲಿ ಅಲ್ಲಿಂದ ಬಂದು ಕಟ್ಟಿದ ಊರು ಅದು. ಇವತ್ತಿಗೂ ಅಲ್ಲಿ ಮನೆಮಾತು ಜಿನೋವಾ ಕಡೆಯದೇ. ಆಫ್ರಿಕಾ ತೀರದಿಂದ ತಂದ ಕುಸ್‌ಕುಸ್ ಅಡುಗೆಯೂ ಉಳಿದಿದೆ. ಗ್ರೀಸ್‌ನ ಸೀರೋಸ್ ದ್ವೀಪದ ಎರ್ಮೂಪೊಲಿ 1820ರ ದಶಕದಲ್ಲಿ ಯುದ್ಧದಿಂದ ತಪ್ಪಿಸಿಕೊಂಡು ಬಂದ ನಿರಾಶ್ರಿತರು ಕಟ್ಟಿದ ಬಂದರು. ಅಲ್ಲಿ ಇಂದಿಗೂ ಹಡಗು ರಿಪೇರಿ ಕಾರ್ಖಾನೆ ಇದೆ. ಕ್ರೊಯೇಷಿಯಾದ ವೀಸ್ ದ್ವೀಪ ಯುಗೊಸ್ಲಾವಿಯಾದ ಸೇನಾ ನೆಲೆಯಾಗಿತ್ತು. 1989ರವರೆಗೆ ವಿದೇಶಿಯರಿಗೆ ಪ್ರವೇಶವೇ ಇರಲಿಲ್ಲ. ಹಾಗಾಗಿ ದೊಡ್ಡ ಹೋಟೆಲ್‌ಗಳ ಹಾವಳಿ ಅಲ್ಲಿಗೆ ಮುಟ್ಟಲಿಲ್ಲ.

ಆದರೂ ಮೊದಲ ಸಲ ಹೋಗುವವರಿಗೆ ನಾನು ಪ್ರೋಚಿದಾವನ್ನೇ ಹೇಳುತ್ತೇನೆ. ದೊಡ್ಡ ನಗರದಿಂದ ಮುಕ್ಕಾಲು ಗಂಟೆಯ ದಾರಿ. ಕಾರು ಬೇಡ. ಊರಿಗೆ ಊರೇ ಸಮುದ್ರವನ್ನು ನಂಬಿ ಬದುಕಿದೆ. ಇಲ್ಲಿನ ನಾವಿಕ ಶಾಲೆ ಶುರುವಾದದ್ದು 1833ರಲ್ಲಿ. ಪ್ರಪಂಚದ ಸಮುದ್ರಗಳಲ್ಲಿ ಓಡಾಡುವ ಸರಕು ಹಡಗುಗಳ ಕ್ಯಾಪ್ಟನ್‌ಗಳು, ಎಂಜಿನಿಯರ್‌ಗಳು ಇಲ್ಲಿನ ಮನೆಮನೆಗಳಲ್ಲಿ ಸಿಗುತ್ತಾರೆ. 2022ರಲ್ಲಿ ಈ ದ್ವೀಪ ಇಟಲಿಯ ಸಾಂಸ್ಕೃತಿಕ ರಾಜಧಾನಿ ಆಯಿತು. ಒಂದು ಪುಟ್ಟ ದ್ವೀಪಕ್ಕೆ ಆ ಗೌರವ ಸಿಕ್ಕಿದ್ದು ಅದೇ ಮೊದಲು. ಆಮೇಲೆ ಜನ ಸ್ವಲ್ಪ ಜಾಸ್ತಿ ಬರುತ್ತಿದ್ದಾರೆ ನಿಜ. ಆದರೆ ಬಹುತೇಕರು ಬೆಳಿಗ್ಗೆ ಬಂದು ಸಂಜೆ ಹೊರಟುಹೋಗುತ್ತಾರೆ.

ತಿಂಗಳು ಯಾವುದು

ಏಪ್ರಿಲ್ ಕೊನೆಯಿಂದ ಜೂನ್ ನಡುವಿನವರೆಗೆ, ಇಲ್ಲವೇ ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ಮೊದಲ ಭಾಗದವರೆಗೆ. ಸಮುದ್ರಕ್ಕೆ ಇಳಿಯಬೇಕು ಎಂದಿದ್ದರೆ ಸೆಪ್ಟೆಂಬರೇ ಒಳ್ಳೆಯದು. ಬೇಸಿಗೆಯಿಡೀ ಕಾದ ನೀರು ಆಗಲೂ ಬೆಚ್ಚಗಿರುತ್ತದೆ. ಆಗಸ್ಟ್ ಬೇಡ. ಆಗಸ್ಟ್ 15 ಇಟಲಿಯಲ್ಲಿ ದೊಡ್ಡ ರಜಾದಿನ, ಅದರ ಹಿಂದುಮುಂದಿನ ವಾರಗಳಲ್ಲಿ ನೇಪಲ್ಸ್‌ಗೆ ನೇಪಲ್ಸೇ ದ್ವೀಪಗಳ ಕಡೆ ನುಗ್ಗುತ್ತದೆ.

ಒಂದು ದಿನವನ್ನು ಮಾತ್ರ ಬೇರೆಯಾಗಿ ಹೇಳಬೇಕು. ಈಸ್ಟರ್‌ಗೆ ಮುಂಚಿನ ಗುಡ್ ಫ್ರೈಡೇ. ಊರಿನ ಯುವಕರು ತಿಂಗಳುಗಟ್ಟಲೆ ಗುಟ್ಟಾಗಿ ಕೂತು, ಮರ, ಕಾಗದ, ಬಟ್ಟೆಯಲ್ಲಿ ಬೈಬಲ್ ಕಥೆಗಳ ಸ್ತಬ್ಧಚಿತ್ರ ಮಾಡುತ್ತಾರೆ. ಇವಕ್ಕೆ 'ಮಿಸ್ತೆರಿ' ಎಂದು ಹೆಸರು. ಬೆಳಗಿನ ಜಾವ ಬಿಳಿ ನಿಲುವಂಗಿ, ನೀಲಿ ಮೇಲುವಸ್ತ್ರ ಹಾಕಿಕೊಂಡು ಅವನ್ನು ಹೆಗಲ ಮೇಲೆ ಹೊತ್ತು ಮೇಲಿನ ಕೋಟೆಯಿಂದ ಕೆಳಗಿನ ಬಂದರಿಗೆ ಇಳಿಸುತ್ತಾರೆ. ಕಹಳೆ, ಡೋಲಿನ ಸದ್ದು ಬಿಟ್ಟರೆ ಊರು ಮೌನ. ನಾಲ್ಕು ಶತಮಾನಗಳ ಹಿಂದಿನ ಒಂದು ಭಕ್ತ ಸಂಘ ಇದನ್ನು ನಡೆಸಿಕೊಂಡು ಬಂದಿದೆ. ಇದನ್ನು ನೋಡಬೇಕಾದರೆ ಹಿಂದಿನ ರಾತ್ರಿಯೇ ದ್ವೀಪದಲ್ಲಿ ಇರಬೇಕು. ಕೋಣೆಯನ್ನು ಐದಾರು ತಿಂಗಳು ಮೊದಲೇ ಗೊತ್ತು ಮಾಡಿಕೊಳ್ಳಿ.

ವೀಸಾ ಮತ್ತು ವಿಮಾನ

ಭಾರತದ ಪಾಸ್‌ಪೋರ್ಟ್ ಇರುವವರಿಗೆ ಶೆಂಗೆನ್ ವೀಸಾ, ಅಂದರೆ ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ನಡೆಯುವ ವೀಸಾ, ಬೇಕು. ಪ್ರಯಾಣಕ್ಕೆ 6 ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು. ಕೊನೆಗೆ 15 ದಿನ ಉಳಿದಿರಬೇಕು, ಆದರೆ ಅಷ್ಟು ಕಾಯಲೇಬೇಡಿ. ಬೇಸಿಗೆಯಲ್ಲಿ ಅರ್ಜಿ ಕೊಡುವ ದಿನಾಂಕ ಸಿಗುವುದೇ ಕಷ್ಟ. ದೊಡ್ಡವರಿಗೆ ಶುಲ್ಕ 90 ಯೂರೊ. ಕನಿಷ್ಠ 30,000 ಯೂರೊ ಮೊತ್ತದ ಪ್ರಯಾಣ ವಿಮೆ ಬೇಕು. ಹಲವು ದೇಶ ಸುತ್ತುವುದಾದರೆ ಯಾವ ದೇಶದಲ್ಲಿ ಜಾಸ್ತಿ ದಿನ ಇರುತ್ತೀರೋ ಆ ದೇಶಕ್ಕೇ ಅರ್ಜಿ. ಎಲ್ಲಿ ಯಾವ ರಾತ್ರಿ ತಂಗುತ್ತೀರಿ ಎಂದು ತೋರಿಸಬೇಕಾಗುವುದರಿಂದ, ರದ್ದು ಮಾಡಿದರೆ ಹಣ ವಾಪಸ್ ಬರುವ ಕೋಣೆಗಳನ್ನೇ ಬುಕ್ ಮಾಡಿ. ಜರ್ಮನಿ, ನೆದರ್ಲೆಂಡ್ಸ್‌ನಂಥ ಕಡೆ ವಾಸದ ಪರವಾನಗಿ ಇಟ್ಟುಕೊಂಡು ಕೆಲಸ ಮಾಡುವ ನಮ್ಮವರಿಗೆ ಈ ತಲೆನೋವು ಇಲ್ಲ.

ಬೆಂಗಳೂರಿನಿಂದ ನೇಪಲ್ಸ್‌ಗೆ ನೇರ ವಿಮಾನವಿಲ್ಲ. ಒಂದು ಕಡೆ ಬದಲಿಸಿಕೊಂಡು ನೇಪಲ್ಸ್‌ಗೇ ಇಳಿಯಬಹುದು. ಇಲ್ಲವೇ ರೋಮ್‌ಗೆ ಇಳಿದು ರೈಲು ಹಿಡಿಯಬಹುದು. ವೇಗದ ರೈಲಿಗೆ ರೋಮ್‌ನಿಂದ ನೇಪಲ್ಸ್ ಒಂದು ಗಂಟೆ ಚಿಲ್ಲರೆ.

ಸರಿಯಾದ ಕಟ್ಟೆಗೆ ಹೋಗಿ

ಹೆಚ್ಚಿನವರು ತಪ್ಪುವುದು ಇಲ್ಲಿಯೇ. ನಾನೂ ತಪ್ಪಿದ್ದೆ. ನೇಪಲ್ಸ್‌ನಲ್ಲಿ ದ್ವೀಪಗಳಿಗೆ ಹೊರಡುವ ಕಟ್ಟೆ ಎರಡು. ಮೊದಲನೆಯದು ಮೋಲೊ ಬೆವೆರೆಲ್ಲೊ. ಕಾಸ್ತೆಲ್ ನುವೊವೊ ಎಂಬ ದಪ್ಪ ಗೋಪುರಗಳ ಕೋಟೆಯ ಎದುರಿಗಿದೆ. ಇಲ್ಲಿಂದ ಹೊರಡುವುದು ಜನರನ್ನಷ್ಟೇ ಒಯ್ಯುವ ವೇಗದ ದೋಣಿ. ಅದನ್ನು 'ಅಲಿಸ್ಕಾಫೊ' ಎನ್ನುತ್ತಾರೆ. ಪ್ರೋಚಿದಾಕ್ಕೆ ಸುಮಾರು 40 ನಿಮಿಷ. ಎರಡನೆಯದು ಕಲಾತಾ ಪೋರ್ತಾ ದಿ ಮಾಸ್ಸಾ. ಕಾರು, ಲಾರಿ ಹೊರುವ ದೊಡ್ಡ ಹಡಗು, ಅಂದರೆ 'ತ್ರಗೆತ್ತೊ', ಹೊರಡುವುದು ಇಲ್ಲಿಂದ. ಅದಕ್ಕೆ ಒಂದು ಗಂಟೆ. ಒಂದು ಕಟ್ಟೆಯಿಂದ ಇನ್ನೊಂದಕ್ಕೆ ಸಾಮಾನು ಎಳೆದುಕೊಂಡು ನಡೆಯಲು ಕಾಲು ಗಂಟೆ ಬೇಕು. ನಾನು ಬೆವೆರೆಲ್ಲೊದಲ್ಲಿ ಆರಾಮಾಗಿ ನಿಂತು, ಟಿಕೆಟ್ಟನ್ನು ಎರಡನೇ ಸಲ ಓದಿದಾಗ ಹಡಗಿಗೆ ಹತ್ತು ನಿಮಿಷ ಉಳಿದಿತ್ತು. ಅದು ಹೋಯಿತು, ಮುಂದಿನದಕ್ಕೆ ಕಾದೆ. ಟಿಕೆಟ್‌ನಲ್ಲಿ ಕಟ್ಟೆಯ ಹೆಸರು ಬರೆದಿರುತ್ತದೆ. ಓದಿಕೊಂಡೇ ಟ್ಯಾಕ್ಸಿ ಹತ್ತಿ.

ಯಾವುದು ಒಳ್ಳೆಯದು? ನನ್ನ ಮಟ್ಟಿಗೆ ದೊಡ್ಡ ಹಡಗು. ಅಗ್ಗ. ಮೇಲಿನ ಅಂಗಳದಲ್ಲಿ ಗಾಳಿಗೆ ನಿಂತು ವೆಸುವಿಯಸ್ ಬೆಟ್ಟ ಹಿಂದೆ ಸರಿಯುವುದನ್ನು ನೋಡಬಹುದು. ವೇಗದ ದೋಣಿಯಲ್ಲಿ ಒಳಗೇ ಕೂರಬೇಕು, ಅಲೆ ಇದ್ದರೆ ಹೊಟ್ಟೆ ತೊಳಸುತ್ತದೆ. ಗಾಳಿ ಜೋರಾದರೆ ಮೊದಲು ನಿಲ್ಲುವುದೂ ಅದೇ. ದೊಡ್ಡ ಹಡಗು ಆಮೇಲೂ ಸ್ವಲ್ಪ ಹೊತ್ತು ಓಡುತ್ತಿರುತ್ತದೆ.

ಮೂರನೆಯ ದಾರಿ ಇನ್ನೂ ಚೆಂದ. ನೇಪಲ್ಸ್‌ನ ಮೊಂತೆಸಾಂತೊ ನಿಲ್ದಾಣದಿಂದ ಕುಮಾನಾ ಎಂಬ ಲೋಕಲ್ ರೈಲು ಹಿಡಿದು ಪೊತ್ಸುವೊಲಿ ಊರಿಗೆ ಹೋಗಿ, ಅಲ್ಲಿಂದ ಹಡಗು. ಪೊತ್ಸುವೊಲಿ ಇರುವುದು ಕಾಂಪಿ ಫ್ಲೆಗ್ರೆಯಿ ಎಂಬ ಜ್ವಾಲಾಮುಖಿ ಬಯಲಿನಲ್ಲಿ. ಅಲ್ಲಿ ನೆಲವೇ ನಿಧಾನವಾಗಿ ಏರುತ್ತದೆ, ಇಳಿಯುತ್ತದೆ. ಬಂದರಿನ ಹತ್ತಿರ ರೋಮನ್ನರ ಕಾಲದ ಸಂತೆಕಟ್ಟೆಯ ಮೂರು ಅಮೃತಶಿಲೆ ಕಂಬಗಳು ನಿಂತಿವೆ. ಆಳೆತ್ತರಕ್ಕಿಂತ ಮೇಲೆ, ಕಂಬದ ಸುತ್ತ, ತೂತು ತೂತು. ಕಲ್ಲು ಕೊರೆಯುವ ಸಮುದ್ರದ ಚಿಪ್ಪುಜೀವಿಗಳ ಕೆಲಸ ಅದು. ಅಂದರೆ ಈ ಕಂಬಗಳು ಒಮ್ಮೆ ಅಷ್ಟು ಆಳಕ್ಕೆ ಮುಳುಗಿ, ಮತ್ತೆ ಮೇಲೆದ್ದಿವೆ. 1982ರಿಂದ 1984ರ ನಡುವೆ ಇಲ್ಲಿನ ನೆಲ ಸುಮಾರು 1.8 ಮೀಟರ್ ಏರಿತು. ಹಡಗಿಗೆ ಅರ್ಧ ಗಂಟೆ ಸಮಯವಿದ್ದರೆ ಆ ಕಂಬಗಳನ್ನು ಬೇಲಿಯಾಚೆಯಿಂದಲೇ ನೋಡಿ. ಈಚಿನ ವರ್ಷಗಳಲ್ಲಿ ಸಣ್ಣ ಭೂಕಂಪ ಆಗುತ್ತಿರುವುದರಿಂದ, ನೆಲ ನಡುಗಿದ ದಿನ ತಪಾಸಣೆಗಾಗಿ ರೈಲು ನಿಲ್ಲಿಸುವುದುಂಟು. ವಿಮಾನ ಹಿಡಿಯುವ ದಿನ ಈ ದಾರಿ ಬೇಡ.

ಎಲ್ಲಿ ಉಳಿಯಬೇಕು

ಹಡಗು ನಿಲ್ಲುವುದು ಉತ್ತರದ ಮರೀನಾ ಗ್ರಾಂದೆಯಲ್ಲಿ. ಅಂಗಡಿ, ಬ್ಯಾಂಕು, ಬಸ್ಸು ಎಲ್ಲ ಇಲ್ಲಿಯೇ. ದ್ವೀಪದ ಇನ್ನೊಂದು ತುದಿ ಕ್ಯಾಯೊಲೆಲ್ಲಾ, ಅರ್ಧಚಂದ್ರದಂತೆ ಬಾಗಿದ ಸಣ್ಣ ಬಂದರು, ಪಕ್ಕದಲ್ಲೇ ಪಡುವಣಕ್ಕೆ ಮುಖ ಮಾಡಿದ ಉದ್ದದ ಮರಳ ತೀರ. ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ಅದೇ ಸರಿ. ಇವೆರಡರ ನಡುವೆ, ಮೂಡಣಕ್ಕೆ, ಮೀನುಗಾರರ ಹಳೆಯ ಕೇರಿ ಕೊರ್ರಿಚೆಲ್ಲಾ.

ಕೊರ್ರಿಚೆಲ್ಲಾದಲ್ಲಿ ಉಳಿಯಬೇಕು ಎಂಬುದು ಎಲ್ಲರ ಆಸೆ. ನಾನೂ ಅದನ್ನೇ ಹೇಳುತ್ತೇನೆ, ಒಂದು ಎಚ್ಚರಿಕೆಯ ಜೊತೆ. ಆ ಬೀದಿಗೆ ಗಾಡಿ ಬರುವುದಿಲ್ಲ. ಇರುವುದು ಮೆಟ್ಟಿಲು ಮಾತ್ರ. ಚಕ್ರದ ಸೂಟ್‌ಕೇಸು ಅಲ್ಲಿ ಕಲ್ಲಿನ ಭಾರವಾಗುತ್ತದೆ. ಮಂಡಿ ನೋವಿರುವ ಅಪ್ಪ ಅಮ್ಮ ಜೊತೆಗಿದ್ದರೆ ಮರೀನಾ ಗ್ರಾಂದೆಯಲ್ಲೇ ಕೋಣೆ ಹಿಡಿದು, ಕೊರ್ರಿಚೆಲ್ಲಾಕ್ಕೆ ಸಂಜೆ ಒಮ್ಮೆ ಕರೆದುಕೊಂಡು ಹೋಗಿ. ಬುಕ್ ಮಾಡುವ ಮೊದಲು ಕೋಣೆ ಕೊಡುವವರಿಗೆ ಎಷ್ಟು ಮೆಟ್ಟಿಲು ಎಂದು ಬರೆದು ಕೇಳಿ. ಸಂಕೋಚ ಬೇಡ, ಅಲ್ಲಿ ಎಲ್ಲರೂ ಕೇಳುವ ಪ್ರಶ್ನೆ ಅದು.

ಕನಿಷ್ಠ ಎರಡು ರಾತ್ರಿ, ಸಾಧ್ಯವಾದರೆ ಮೂರು. ಸಂಜೆ ದಿನದ ಪ್ರವಾಸಿಗಳು ಹಡಗು ಹತ್ತಿದ ಮೇಲೆ ಊರು ತನ್ನ ಧ್ವನಿಗೆ ಮರಳುತ್ತದೆ. ಬಲೆ ತೇಪೆ ಹಾಕುವವರು, ಕಿಟಕಿಯಿಂದ ಕಿಟಕಿಗೆ ಮಾತು, ಚೆಂಡಾಡುವ ಹುಡುಗರು. ಹಗಲು ಬಂದು ಹೋಗುವವರಿಗೆ ಇದು ಸಿಗುವುದಿಲ್ಲ.

ಮೊದಲ ದಿನ: ನಡೆದೇ ನೋಡಿ

ಬೆಳಿಗ್ಗೆ ಎಂಟಕ್ಕೆ ಮರೀನಾ ಗ್ರಾಂದೆಯಿಂದ ಹೊರಡಿ. ಏರು ಬೀದಿ ಹತ್ತಿದರೆ ಹತ್ತು ನಿಮಿಷದಲ್ಲಿ ಪಿಯಾತ್ಸಾ ದೇಯಿ ಮಾರ್ತಿರಿ ಚೌಕ. 1799ರ ನೇಪಲ್ಸ್ ಗಣರಾಜ್ಯಕ್ಕಾಗಿ ಪ್ರಾಣ ಕೊಟ್ಟ ದ್ವೀಪದವರ ನೆನಪಿಗೆ ಆ ಹೆಸರು. ಅಲ್ಲಿನ ಹಳದಿ ಚರ್ಚಿನ ಪಕ್ಕದಿಂದ ಮೇಲಕ್ಕೆ ಹೋಗುವ ದಾರಿ ಹಿಡಿಯಿರಿ. ಕೊರ್ರಿಚೆಲ್ಲಾಕ್ಕೆ ಈಗಲೇ ಇಳಿಯಬೇಡಿ. ಬಿಸಿಲೇರುವ ಮುಂಚೆ ಮೇಲಿನದು ಮುಗಿಸುವುದು ಜಾಣತನ.

ಸ್ವಲ್ಪ ಹತ್ತಿದ ಮೇಲೆ ಎರಡು ಹಳೆಯ ಫಿರಂಗಿ ಇಟ್ಟಿರುವ ಕಟ್ಟೆ ಬರುತ್ತದೆ. ಇಲ್ಲಿ ನಿಂತರೆ ಇಡೀ ಕೊರ್ರಿಚೆಲ್ಲಾ ಕಾಲಡಿಗೆ ಕಾಣುತ್ತದೆ. ಗುಲಾಬಿ, ಹಳದಿ, ತಿಳಿನೀಲಿ, ಬಿಳಿ, ಒಂದರ ಭುಜದ ಮೇಲೆ ಇನ್ನೊಂದು ಮನೆ. ದೂರದ ಸಮುದ್ರದಿಂದ ಮರಳುವ ನಾವಿಕ ತನ್ನ ಮನೆಯನ್ನು ಬಣ್ಣದಿಂದಲೇ ಗುರುತಿಸಲಿ ಎಂದು ಹೀಗೆ ಬಳಿದರು ಎಂಬುದು ಊರಲ್ಲಿ ಚಾಲ್ತಿಯಲ್ಲಿರುವ ಮಾತು. ಬಣ್ಣಕ್ಕಿಂತ ನನಗೆ ಹಿಡಿಸಿದ್ದು ಕಮಾನು ಮತ್ತು ಮೆಟ್ಟಿಲು. ಕೆಳಗಿನ ಕಮಾನು ಕೋಣೆಯಲ್ಲಿ ದೋಣಿ, ಬಲೆ. ಹೊರಗಿನ ಕಡಿದಾದ ಮೆಟ್ಟಿಲು ಹತ್ತಿದರೆ ಮೇಲೆ ವಾಸ. ಮೇಲೆ ಕಮಾನಿನ ಜಗಲಿ, ಅದನ್ನು 'ವೆಫಿಯೊ' ಅನ್ನುತ್ತಾರೆ. ಕೂತರೆ ಸಮುದ್ರ ಕಾಣುತ್ತದೆ. ಸುಮ್ನೆ ಅಂದಕ್ಕೆಂದು ಕಟ್ಟಿದ ಒಂದು ಕಲ್ಲೂ ಅಲ್ಲಿಲ್ಲ. ಆದರೂ ಅಷ್ಟು ಅಂದ.

ಇನ್ನೂ ಮೇಲೆ ತೆರ್ರಾ ಮುರಾತಾ, ಅಂದರೆ ಗೋಡೆ ಕಟ್ಟಿದ ನೆಲ. ದ್ವೀಪದ ಅತಿ ಎತ್ತರದ ಜಾಗ, 90 ಮೀಟರ್ ಚಿಲ್ಲರೆ. ಕಡಲ್ಗಳ್ಳರ ಹೆದರಿಕೆ ಇದ್ದ ಶತಮಾನಗಳಲ್ಲಿ ಜನ ಇಲ್ಲಿಯೇ ಗುಂಪುಗೂಡಿ ಬದುಕಿದರು. ದ್ವೀಪವನ್ನು ಕಾಯುವ ಸಂತ ಮೈಕೆಲನ ಮಠ ಇಲ್ಲಿದೆ. ಚಿನ್ನದ ಬಣ್ಣದ ಚೌಕಗಳ ಚಾವಣಿ ನೋಡಲು ಕತ್ತು ನೋಯುವಷ್ಟು ಹೊತ್ತು ನಿಲ್ಲಬೇಕಾಗುತ್ತದೆ. ಇಳಿಯುವಾಗ ಕಸಾಲೆ ವಾಶೆಲ್ಲೊ ಎಂಬ ವಠಾರದೊಳಗೆ ಹಾದುಬನ್ನಿ. ಹೊರಗೆ ಕೋಟೆಯಂಥ ಗೋಡೆ, ಒಳಗೆ ಅಂಗಳ, ಸುತ್ತ ಮನೆಗಳು. ಅಲ್ಲಿ ಈಗಲೂ ಸಂಸಾರಗಳಿವೆ, ಹಾಗಾಗಿ ಧ್ವನಿ ತಗ್ಗಿಸಿ.

ಮಧ್ಯಾಹ್ನ ಒಂದರಿಂದ ನಾಲ್ಕು ನಾಲ್ಕೂವರೆಯವರೆಗೆ ಅಂಗಡಿಗಳು ಮುಚ್ಚಿರುತ್ತವೆ. ನೀರು, ಹಣ್ಣು, ಬ್ರೆಡ್ಡು ಬೆಳಿಗ್ಗೆಯೇ ತೆಗೆದುಕೊಳ್ಳಿ. ಆ ಹೊತ್ತಿನಲ್ಲಿ ಊರಿನವರ ಹಾಗೆ ಮಲಗಿ ಎದ್ದರೆ ಸಂಜೆಗೆ ಕಾಲು ಉಳಿದಿರುತ್ತದೆ. ಸೂರ್ಯ ಇಳಿಯುವಾಗ ಕೊರ್ರಿಚೆಲ್ಲಾಕ್ಕೆ ಇಳಿಯಿರಿ.

ಸೆರೆಮನೆಗೆ ಮೊದಲೇ ಬುಕ್ ಮಾಡಿ

ತೆರ್ರಾ ಮುರಾತಾದ ಪಕ್ಕ ಬಂಡೆಯಂಚಿನಲ್ಲಿ ಒಂದು ದೊಡ್ಡ ಕಟ್ಟಡ ಕಾಣುತ್ತದೆ. ಅದು ಪಲಾತ್ಸೊ ದಾವಲೋಸ್. 16ನೇ ಶತಮಾನದಲ್ಲಿ ದ್ವೀಪದ ಒಡೆಯರು ಕಟ್ಟಿಸಿದ ಅರಮನೆ. ಆಮೇಲೆ ನೇಪಲ್ಸ್‌ನ ಬೂರ್ಬೊನ್ ರಾಜರ ಬೇಟೆಯ ಬಿಡಾರ. 1830ರಲ್ಲಿ ಅವರೇ ಅದನ್ನು ಸೆರೆಮನೆ ಮಾಡಿದರು. 1988ರವರೆಗೂ ಅದು ಸೆರೆಮನೆಯಾಗಿಯೇ ಇತ್ತು.

ಒಳಗೆ ಗೈಡ್ ಜೊತೆಯಲ್ಲೇ ಹೋಗಬೇಕು, ಮೊದಲೇ ಹೇಳಿಟ್ಟಿರಬೇಕು. ಇದನ್ನು ತಪ್ಪಿಸಬೇಡಿ. ಕೈದಿಗಳು ಬಟ್ಟೆ ನೇಯುತ್ತಿದ್ದ ಕೋಣೆಗಳು, ಸಾಲು ಮಂಚಗಳು, ಬಿಟ್ಟುಹೋದ ಸಾಮಾನು, ಎಲ್ಲ ಹಾಗೇ ಇದೆ. ಸಣ್ಣ ಕಿಟಕಿಯ ಕಂಬಿಗಳ ಆಚೆ ಇಡೀ ನೇಪಲ್ಸ್ ಕೊಲ್ಲಿ ಹೊಳೆಯುತ್ತಿರುತ್ತದೆ. ಅಷ್ಟು ಸಮುದ್ರವನ್ನು ಕಣ್ಣೆದುರಿಗೆ ಇಟ್ಟುಕೊಂಡು ವರ್ಷಗಟ್ಟಲೆ ಕೂತವರನ್ನು ನೆನೆದರೆ ಎದೆ ಭಾರವಾಗುತ್ತದೆ. ಪುಟ್ಟ ಮಕ್ಕಳನ್ನು ಕರೆದೊಯ್ಯುವ ಮೊದಲು ಯೋಚಿಸಿ.

ಎರಡನೇ ದಿನ: ಪಡುವಣ ತುದಿ

ದ್ವೀಪದ ಉದ್ದಕ್ಕೆ ಹೋಗುವ ರಸ್ತೆ ತುಂಬಾ ಕಿರಿದು. ಎರಡೂ ಕಡೆ ಎತ್ತರದ ತೋಟದ ಗೋಡೆ, ನಡುವೆ ಬಸ್ಸು, ಸ್ಕೂಟರು. ಈ ಭಾಗಕ್ಕೆ ಬಸ್ಸೇ ಸರಿ. ಟಿಕೆಟ್ಟನ್ನು ತಂಬಾಕು ಅಂಗಡಿಯಲ್ಲಿ ಮೊದಲೇ ಕೊಳ್ಳಿ. ಅದನ್ನು 'ತಬಾಕ್ಕಿ' ಎನ್ನುತ್ತಾರೆ. ಬಸ್ಸು ಹತ್ತಿದ ಕೂಡಲೇ ಯಂತ್ರದಲ್ಲಿ ಮುದ್ರೆ ಒತ್ತಿಸಿಕೊಳ್ಳಬೇಕು. ಟ್ಯಾಕ್ಸಿ ಬೇಕೆಂದರೆ ಮೂರು ಚಕ್ರದ ಗಾಡಿ ಬರುತ್ತದೆ, ನಮ್ಮೂರ ರಸ್ತೆಗಳಲ್ಲಿ ಓಡುವ ಅದೇ ಆಪೆ! ಇಟಲಿಯ ಪಿಯಾಜಿಯೊ ಕಂಪನಿ ಅದನ್ನು 1948ರಲ್ಲಿ ಹೊರತಂದಿತು. ಇಟಾಲಿಯನ್ ಭಾಷೆಯಲ್ಲಿ ಆಪೆ ಎಂದರೆ ಜೇನುಹುಳು.

ಕ್ಯಾಯೊಲೆಲ್ಲಾದಿಂದ ಒಂದು ಕಿರುಸೇತುವೆ ದಾಟಿದರೆ ವಿವಾರಾ. ಜನವಾಸವಿಲ್ಲದ, ಕಾಡು ತುಂಬಿದ ಪುಟ್ಟ ದ್ವೀಪ. 2002ರಿಂದ ಸಂರಕ್ಷಿತ ಪ್ರದೇಶ. ಕೆಲವೇ ದಿನ, ಗೈಡ್ ಜೊತೆ ಮಾತ್ರ ಪ್ರವೇಶ, ಇದಕ್ಕೂ ಮೊದಲೇ ಬುಕ್ ಮಾಡಬೇಕು. ಮೂರೂವರೆ ಸಾವಿರ ವರ್ಷದ ಹಿಂದೆ ಗ್ರೀಸ್‌ನ ಮೈಸಿನಿ ಕಡೆಯಿಂದ ವ್ಯಾಪಾರಕ್ಕೆ ಬಂದವರ ಮಡಕೆ ಚೂರುಗಳು ಇಲ್ಲಿ ಸಿಕ್ಕಿವೆ. ನಾವಿಕರ ಕಥೆ ಇಲ್ಲಿ ಅಷ್ಟು ಹಳೆಯದು. ನಕಾಶೆ ನೋಡಿದರೆ ವಿವಾರಾ ಒಂದು ಬಾಗಿದ ಬಿಲ್ಲಿನಂತಿದೆ ಅಲ್ವಾ? ಅದು ಮುಳುಗಿದ ಜ್ವಾಲಾಮುಖಿಯ ಬಾಯಿಯ ಅಂಚು.

ಮಧ್ಯಾಹ್ನದ ಮೇಲೆ ಸಮುದ್ರ ಸ್ನಾನ. 'ಸ್ಪಿಯಾಜ್ಜಾ ಲಿಬೆರಾ' ಎಂದರೆ ಎಲ್ಲರಿಗೂ ತೆರೆದ ತೀರ, ದುಡ್ಡಿಲ್ಲ. 'ಲಿದೊ' ಎಂದರೆ ಕುರ್ಚಿ, ಕೊಡೆಗೆ ಬಾಡಿಗೆ. ಜ್ವಾಲಾಮುಖಿಯ ಕಪ್ಪು ಮರಳು ಬಿಸಿಲಿಗೆ ಕೆಂಡವಾಗುತ್ತದೆ, ಚಪ್ಪಲಿ ನೀರಿನಂಚಿನವರೆಗೂ ಇರಲಿ.

ಊಟ

ಇಲ್ಲಿ ಮೀನೇ ಮುಖ್ಯ. ತಿನ್ನುವವರು ಆ ದಿನ ದೋಣಿಗೆ ಬಂದದ್ದೇನು ಎಂದು ಕೇಳಿ ತಿನ್ನಿ. ಸಸ್ಯಾಹಾರಿಗಳೂ ಹಸಿದುಕೊಂಡು ಇರಬೇಕಾಗಿಲ್ಲ. ಈ ದ್ವೀಪದ ನಿಂಬೆ ದೊಡ್ಡದು, ಸಿಪ್ಪೆಯ ಕೆಳಗಿನ ಬಿಳಿ ಭಾಗ ಬೆರಳು ದಪ್ಪ, ಕಹಿಯಿಲ್ಲ. ನೋಡಿದರೆ ನಮ್ಮ ಹೇರಳೆಕಾಯಿ ನೆನಪಾಗುತ್ತದೆ. ಅದನ್ನು 'ಲಿಮೊನೆ ಪಾನೆ', ಬ್ರೆಡ್ ನಿಂಬೆ ಎನ್ನುತ್ತಾರೆ. ಹಳದಿ ಸಿಪ್ಪೆ ಹೆರೆದು, ಬಿಳಿ ಭಾಗ ಸಮೇತ ಹೋಳು ಮಾಡಿ, ಪುದೀನ, ಬೆಳ್ಳುಳ್ಳಿ, ಮೆಣಸಿನಕಾಯಿ, ಉಪ್ಪು, ಆಲಿವ್ ಎಣ್ಣೆ ಹಾಕಿ ಕಲಸುತ್ತಾರೆ. ಕೋಸಂಬರಿ ಪ್ರೀತಿಸುವ ನಾಲಿಗೆಗೆ ಇದು ಮೊದಲ ತುತ್ತಿಗೇ ಒಗ್ಗುತ್ತದೆ. ನಾನು ಮೂರು ದಿನವೂ ತಿಂದೆ. ನಿಂಬೆ ಹಾಕಿದ ಪಾಸ್ತಾ, ಬದನೆಕಾಯಿಯ ಪಾರ್ಮಿಜಾನಾ, ಚೀಸ್ ಕೂಡ ಇಲ್ಲದ ಮರಿನಾರಾ ಪಿತ್ಸಾ ಸಿಗುತ್ತವೆ. ಬೆಳಿಗ್ಗೆ ಕಾಫಿಗೆ 'ಲಿಂಗ್ವಾ', ನಾಲಿಗೆಯಾಕಾರದ ಪದರು ತಿಂಡಿ, ಒಳಗೆ ನಿಂಬೆ ಕ್ರೀಮು. ಇದರಲ್ಲಿ ಮೊಟ್ಟೆ ಇರುತ್ತದೆ.

ಹೇಳುವಾಗ "ಸೆನ್ತ್ಸಾ ಕಾರ್ನೆ, ಸೆನ್ತ್ಸಾ ಪೆಶ್ಶೆ" ಅನ್ನಿ, ಮಾಂಸ ಬೇಡ, ಮೀನು ಬೇಡ ಎಂದರ್ಥ. ಸಾರಿನಲ್ಲಿ ಕರಗಿಹೋಗುವ ಸಣ್ಣ ಮೀನು 'ಅಚ್ಚೂಗೆ'. ಅದರ ಹೆಸರನ್ನು ಬೇರೆಯಾಗಿಯೇ ಹೇಳಿ. ಪಾರ್ಮೆಸಾನ್ ಚೀಸನ್ನು ಕರುವಿನ ಹೊಟ್ಟೆಯಿಂದ ತೆಗೆದ, ಹಾಲು ಗಟ್ಟಿ ಮಾಡುವ ರೆನೆಟ್ ಹಾಕಿ ಮಾಡುತ್ತಾರೆ, ಕಟ್ಟುನಿಟ್ಟಿನವರು ಗಮನಿಸಿ. ಬಿಲ್ಲಿನಲ್ಲಿ 'ಕೊಪೆರ್ತೊ' ಎಂದು ತಲೆಗಿಷ್ಟು ಸೇರಿಸಿರುತ್ತಾರೆ. ಅದು ಅಲ್ಲಿನ ರೂಢಿ.

ಹಿಂತಿರುಗುವಾಗ

ವಿಮಾನ ಇರುವ ದಿನ ಬೆಳಿಗ್ಗೆ ದ್ವೀಪದಿಂದ ಹೊರಡುವ ಯೋಜನೆ ಮಾಡಬೇಡಿ. ಗಾಳಿ ಎದ್ದರೆ ಹಡಗು ನಿಲ್ಲುತ್ತದೆ, ಯಾರಿಗೆ ಹೇಳಿಯೂ ಪ್ರಯೋಜನವಿಲ್ಲ. ಕೊನೆಯ ರಾತ್ರಿ ನೇಪಲ್ಸ್‌ನಲ್ಲಿ ಇರಲಿ. ಹಿಂದಿನ ಸಂಜೆ ಬಂದರಿನ ಟಿಕೆಟ್ ಕಿಟಕಿಯ ಹತ್ತಿರ ಹೋಗಿ ನಾಳೆಯ ಹಡಗು ಓಡುತ್ತದೆಯೇ ಎಂದು ಕೇಳಿ. ಪಕ್ಕದ ಕಾಫಿ ಅಂಗಡಿಯಲ್ಲಿ ಕೂತ ವಯಸ್ಸಾದವರನ್ನೂ ಕೇಳಿ ನೋಡಿ. ಬದುಕಿಡೀ ಹಡಗಿನಲ್ಲಿ ದುಡಿದು ಬಂದವರು ಅಲ್ಲಿ ಬೇಕಾದಷ್ಟು ಸಿಗುತ್ತಾರೆ, ಆಕಾಶ ನೋಡಿ ಖುಷಿಯಿಂದ ಹೇಳುತ್ತಾರೆ.

ನಿಂಬೆ ಹಣ್ಣನ್ನು ಮಾತ್ರ ಅಲ್ಲೇ ತಿಂದು ಬನ್ನಿ. ತಾಜಾ ಹಣ್ಣನ್ನು ಭಾರತಕ್ಕೆ ತರಲು ಸಸ್ಯ ಕ್ವಾರಂಟೈನ್ ನಿಯಮಗಳು ಅಡ್ಡ ಬರುತ್ತವೆ. ಮನೆಗೆ ತರುವುದಾದರೆ ನಿಂಬೆಯ ಮಾರ್ಮಲೇಡ್ ಶೀಶೆ ಸಿಗುತ್ತದೆ, ಬಟ್ಟೆಯಲ್ಲಿ ಸುತ್ತಿ ಚೆಕ್ ಇನ್ ಸಾಮಾನಿನಲ್ಲಿ ಹಾಕಿ.